ಮನ್ನೂಬಿಯಾಳ ಕಣ್ಣು ನಾನಾಗಿದ್ದೆ

ಕೈರುವಾನ್ ಪಟ್ಟಣದ ನಮ್ಮ ಓಣಿಯ ಮನ್ನೂಬಿಯಾ ಮೂವತ್ತು ವರ್ಷ ಜಮಖಾನೆ ನೇಯ್ದವಳು. ಆಮೇಲೆ ಕಣ್ಣಿನ ನಡುಭಾಗವೇ ಮಸುಕಾಗಿ, ಅಂಚಿನಲ್ಲಷ್ಟೇ ಕಾಣತೊಡಗಿತು. ಅಂದಿನಿಂದ ಅವಳ ಕಣ್ಣು ನಾನೇ, ಪಕ್ಕದ ಮನೆಯ ಝಕಿಯಾ. ಆಸ್ಪತ್ರೆಯ ಚೀಟಿ, ಪಿಂಚಣಿ ಅರ್ಜಿ, ಸಮುದ್ರದಾಚೆ ಮಾರ್ಸೇಲಿನಲ್ಲಿರುವ ಅವಳ ತಮ್ಮ ಫೋನಿಗೆ ಕಳಿಸುವ ಪತ್ರ, ಎಲ್ಲವನ್ನೂ ನಾನೇ ಓದಿ ಹೇಳಬೇಕು. ಅದರಲ್ಲಿ ನನಗೊಂದು ಜಂಬವೂ ಇತ್ತು.

ಆ ತಮ್ಮ ಪ್ರತಿ ಪತ್ರದ ಕೊನೆಗೆ ಒಂದು ಸಾಲು ಬರೆಯುತ್ತಿದ್ದ: 'ಅಕ್ಕಾ, ಇಲ್ಲಿಗೇ ಬಂದುಬಿಡು.' ಅದೊಂದನ್ನು ಮಾತ್ರ ನಾನು ಓದುತ್ತಿರಲಿಲ್ಲ. ಅವಳು ಹೊರಟುಹೋದರೆ ನನಗ್ಯಾರು?

ಹೀಗಿರುವಾಗ ಲಮಿಯಾ ಎಂಬಾಕೆ ಬಂದಳು. ಪಿಂಚಣಿ ಕಚೇರಿಯ ಜಾಲತಾಣವನ್ನು ಕಣ್ಣು ಮಂದವಾದವರೂ ಓದುವಂತೆ ಮಾಡುವುದು ಅವಳ ಕೆಲಸ. ಓದಲಾಗುತ್ತದೋ ನೋಡಲು ಅವಳು ತೋರಿಸಿದ ಪುಟ ಕಂಡದ್ದೇ ಮನ್ನೂಬಿಯಾ ರೇಗಿದಳು.

"ಬಿಳಿ ಮೇಲೆ ಬೂದು ಅಕ್ಷರಾನಾ? ಬಿಳಿ ಉಣ್ಣೆ, ಬೂದು ಉಣ್ಣೆ ನಡುವೆ ಕಪ್ಪು ಎಳೆ ಹಾಕ್ದೇ ಇದ್ರೆ ನಮ್ಮತ್ತೆ ಕಿವಿ ಹಿಂಡ್ತಿದ್ರು!"

ಲಮಿಯಾ ಅಕ್ಷರ ದಟ್ಟವಾಗಿಸಿದಳು, ದೊಡ್ಡದು ಮಾಡಿದರೂ ಸಾಲು ಪರದೆ ದಾಟದಂತೆ ನೋಡಿಕೊಂಡಳು, ಸುತ್ತಿ ಬಳಸಿ ಬರೆದದ್ದನ್ನು ಸರಳ ಮಾಡಿದಳು. ಮನ್ನೂಬಿಯಾಳ ಫೋನನ್ನೂ ಸರಿಪಡಿಸಿಕೊಟ್ಟಳು: ಕಪ್ಪು ಪರದೆ, ದಪ್ಪ ಹಳದಿ ಅಕ್ಷರ. ಮನ್ನೂಬಿಯಾ ತನ್ನ ಹೆಸರನ್ನು ತಾನೇ ಓದಿ ನಕ್ಕಳು. ನನ್ನ ಹೊಟ್ಟೆಯೊಳಗೆ ಬೆಂಕಿ ಬಿತ್ತು.

"ಏನೇ, ಆ ಡಬ್ಬೀನೇ ಕಟ್ಕೊಂಡ್ಯಾ? ಕೈ ಬಿಡೋದೇ ಇಲ್ವಲ್ಲ!" ಎಂದು ಚುಚ್ಚಿದೆ.

"ಹೊಟ್ಟೆಕಿಚ್ಚಾ?"

"ನನಗಾ? ತಗಡಿನ ಮೇಲಾ? ಥೂ!"

ಸುಳ್ಳು. ಸವತಿಯ ಮೇಲೂ ಅಷ್ಟು ಉರಿ ಇರಲಾರದು. ಅದರ ಜೊತೆಗೆ ಹೆದರಿಕೆ ಬೇರೆ, ತಮ್ಮನ ಹಳೆಯ ಪತ್ರಗಳೆಲ್ಲ ಆ ಫೋನಿನೊಳಗೇ ಇದ್ದವು.

ಒಂದು ಬೆಳಿಗ್ಗೆ ಮನ್ನೂಬಿಯಾ ಪುದೀನ ಚಹಾಕ್ಕೆ ಕರೆದಳು. "ತಮ್ಮನ ಪತ್ರ ಎಲ್ಲಾ ಓದ್ದೆ ಕಣೇ," ಎಂದಳು. ನನ್ನ ಲೋಟದ ಚಹಾ ಮಡಿಲಿಗೆ ಚೆಲ್ಲಿತು.

"ಕೊನೇಲಿ ನೀನು ಏನೋ ನುಂಗ್ತೀಯ ಅಂತ ಮೂರು ವರ್ಷದಿಂದ ಗೊತ್ತು. ಧ್ವನಿ ಎಡವ್ತಿತ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ನಾಚ್ಕೊಂಡು ಬರೋದೇ ಬಿಡ್ತಿದ್ದೆ. ಆಗ ನನಗೆ ಓದೋರು ಯಾರು?"

ಫೋನು ನನ್ನ ಕೈಗಿಟ್ಟಳು. "ತಗೋ, ನಾನೇ ಬರೆದಿರೋ ಉತ್ತರ. ಜೋರಾಗಿ ಓದು, ಏನೂ ಬಿಡ್ಬೇಡ."

ಪರದೆ ತುಂಬ ಹಳದಿ ಅಕ್ಷರ. ಒಂದನ್ನೂ ಬಿಡದೆ ಓದಿದೆ: 'ತಮ್ಮಾ, ಬರುತ್ತೇನೆ.'