ಐದು ತಾಸಿನ ಕುವೈತ್

ಸಿಂಧನೂರಿನ ಬಸ್ ಸ್ಟ್ಯಾಂಡ್ ಎದುರು ನನ್ನ ಚಹಾ ಅಂಗಡಿ. ಪಕ್ಕದಲ್ಲೇ ಶೇಕ್ಷಾವಲಿ ತನ್ನ ಕ್ರೂಸರ್ ಗಾಡಿ ನಿಲ್ಲಿಸುತ್ತಾನೆ. ಲಿಂಗಸುಗೂರು, ಮಸ್ಕಿ ಕಡೆಯಿಂದ ಕುವೈತಿಗೆ ಮನೆಗೆಲಸಕ್ಕೆ ಹೋಗುವವರನ್ನು ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಮುಟ್ಟಿಸುವುದು ಅವನ ಕೆಲಸ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ವಿಮಾನ ಹತ್ತಿದವನಲ್ಲ. ಆದರೂ ಕಳಿಸಲು ಬಂದವರು ಅಳತೊಡಗಿದರೆ ತಾನೇ ವಿಮಾನ ಓಡಿಸುವವನಂತೆ ಹೇಳುತ್ತಿದ್ದ:

“ಇಲ್ಲಿಂದ ಹೈದರಾಬಾದ್ ಆರು ತಾಸು. ಅಲ್ಲಿಂದ ಕುವೈತ್ ಐದೇ ತಾಸು. ಹೈದರಾಬಾದಿಗಿಂತ ಕುವೈತೇ ಸಮೀಪ ಐತ್ರೀ, ಯಾಕ್ ಅಳ್ತೀರಿ?”

ಮೂರು ಸಾವಿರ ಚಿಲ್ಲರೆ ಕಿಲೋಮೀಟರನ್ನು ಅವನು ಹಾಗೆ ಸಲೀಸಾಗಿ ಮಡಚಿ ಕೈಗೆ ಕೊಡುವುದು ಕಂಡರೆ ನನಗೆ ಮೈ ಉರಿಯುತ್ತಿತ್ತು. ಆದರೆ ಅಳು ನಿಲ್ಲುತ್ತಿದ್ದದ್ದು ಖರೆ. ನಾನೂ ಚಹಾ ಕೊಟ್ಟು ಸುಮ್ಮನಾಗುತ್ತಿದ್ದೆ.

ಗಂಡ ಸತ್ತ ಅವನ ಅಕ್ಕ ಅರ್ಜುಮಂದ್ ಕುವೈತಿಗೆ ಹೊರಟಾಗ ತಾಯಿ ಜೈನಾಬೀ ಅಳಲಿಲ್ಲ. “ನಾ ಸತ್ತರ ನನ್ನ ಮೈಗೆ ಕಡೀ ನೀರು ನನ್ನ ಮಗಳೇ ಹಾಕ್ಬೇಕು. ಬರ್ತಾಳೇನಪಾ?” ಎಂದಷ್ಟೇ ಕೇಳಿದಳು. ಅವರಲ್ಲಿ ಹೆಂಗಸಿನ ಹೆಣಕ್ಕೆ ಹೆಂಗಸರೇ ಸ್ನಾನ ಮಾಡಿಸಬೇಕು. ಮಗಳಿದ್ದರೆ ಮಗಳು ಮುಂದು.

“ಹನ್ನೊಂದು ತಾಸಿನ್ಯಾಗ ಬಂದು ನಿಂತಿರ್ತಾಳಮ್ಮಾ,” ಎಂದು ಮಗ ಅವಳ ಕೈ ಹಿಡಿದು ಹೇಳಿದ.

ಈ ವರ್ಷ ಭತ್ತದ ನಾಟಿ ನಡೆದಿದ್ದಾಗ, ಒಂದು ಬೆಳಿಗ್ಗೆ ಆರಕ್ಕೆ ಜೈನಾಬೀ ತೀರಿಕೊಂಡಳು. ಶೇಕ್ಷಾವಲಿ ಅಕ್ಕನಿಗೆ ಫೋನ್ ಮಾಡಿದ. ಅವಳನ್ನು ಕರೆತರಲು ಹೈದರಾಬಾದಿನ ಡ್ರೈವರ್ ಒಬ್ಬನಿಗೆ ಹೇಳಿಟ್ಟ. ಜಮಾತಿನ ಹಿರಿಯ ಗೌಸ್‌ಸಾಬ್ ಮುಂದೆ ಬೆರಳು ಮಡಚಿ ಎಣಿಸಿ ತೋರಿಸಿದ: ಸಂಜೆ ಐದು. ಎಲ್ಲರಿಗೂ ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದ. ಮಧ್ಯಾಹ್ನವೇ ಮಣ್ಣು ಮಾಡಬೇಕೆಂದಿದ್ದವರು ಐದರ ತನಕ ಕಾಯಲು ಒಪ್ಪಿದರು.

ನಾಲ್ಕಕ್ಕೆ ಅರ್ಜುಮಂದಳ ಫೋನ್ ಬಂತು. ಸ್ಪೀಕರ್ ಹಾಕಿದ್ದರಿಂದ ಅಂಗಳದಲ್ಲಿದ್ದ ನಾವೆಲ್ಲ ಕೇಳಿಸಿಕೊಂಡೆವು.

“ನಾ ಇನ್ನೂ ಇವರ ಅಡಗಿಮನ್ಯಾಗ ಅದೀನೋ. ಪಾಸ್‌ಪೋರ್ಟ್ ಮಾಲೀಕನ ಕಡೆ ಐತಿ. ಅಂವ ಊರಾಗಿಲ್ಲ.”

ಶೇಕ್ಷಾವಲಿ “ಆತು” ಎಂದು ಫೋನ್ ಇಟ್ಟ. ಆ ಮಾಲೀಕನನ್ನು ನಾನು ಬಾಯಿಗೆ ಬಂದಂತೆ ಬೈದೆ. ಶೇಕ್ಷಾವಲಿ ಬೈಯಲಿಲ್ಲ, ಅಳಲೂ ಇಲ್ಲ. ನೆರೆಮನೆಯ ಸಕೀನಾಬೀ ನೀರು ಹಾಕಿದಳು. ಮಣ್ಣು ಕೊಟ್ಟು ಬಂದವನು ಗಾಡಿಯ ಗಾಜು ಒರೆಸಿದ. ಮರುದಿನ ನಾಟಿಯ ಹೆಣ್ಣಾಳುಗಳನ್ನು ಜವಳಗೇರಾಕ್ಕೆ ಬಿಟ್ಟುಬಂದ.

ಅರ್ಜುಮಂದ್ ಬಂದದ್ದು ಹನ್ನೊಂದನೆಯ ದಿನ. ಕರೆತರಲು ಅವನ ಜೊತೆ ನಾನೂ ಹೋಗಿದ್ದೆ. ಹೈದರಾಬಾದಿನಿಂದ ರಾಯಚೂರು ದಾಟಿ ಬಂದೆವು. ಜವಳಗೇರಾ ಹತ್ತಿರ ಅವಳು ಕೇಳಿದಳು:

“ನೀರು ಯಾರ್ ಹಾಕಿದ್ರು?”

“ಸಕೀನಾಬೀ.”

“ಬಿಸಿ ಮಾಡಿದ್ರೇನು?”

“ಉಗುರುಬೆಚ್ಚಗ ಮಾಡಿದ್ರು, ಆಪಾ.”

ಆಮೇಲೆ ಸಿಂಧನೂರಿನ ತನಕ ಅವರಿಬ್ಬರೂ ರಸ್ತೆ ನೋಡುತ್ತ ಕೂತಿದ್ದರು.

ಮೊನ್ನೆ ಸಾಲಗುಂದದ ಖಾತೂನ್‌ಬೀ ತನ್ನ ಮಗಳನ್ನು ಕುವೈತಿಗೆ ಕಳಿಸಲು ಬಂದಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, “ಏನಾರ ಆದರ, ಅಲ್ಲಿಂದ ಬರಾಕ ಎಷ್ಟ್ ಹೊತ್ತು ಹಿಡೀತೈತಿ, ಭಾಯಿ?” ಎಂದಳು.

ನಾನು ಚಹಾ ಸೋಸುತ್ತಿದ್ದೆ.

ಶೇಕ್ಷಾವಲಿ ಗಾಡಿಯ ಮೇಲೆ ಚೀಲ ಕಟ್ಟುತ್ತಿದ್ದ. ಹಗ್ಗ ಬಿಗಿದು ಕೆಳಗಿಳಿದ.

“ಹನ್ನೊಂದು ದಿನ, ಅಮ್ಮಾ,” ಎಂದ.