ಅವ್ವ ತಿದ್ದಿದ ರೋಬೋ ಕತೆ

ಗುಂಡ್ಲುಪೇಟೆ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಪಾಠ ಮಾಡುತ್ತೇನೆ. ಎರಡು ವರ್ಷದ ಹಿಂದಿನ ಮಾತು. ಐದನೇ ಕ್ಲಾಸಿಗೆ ಸಜೀವಿ, ನಿರ್ಜೀವಿಗಳ ಪಾಠ ನಡೆದಿತ್ತು. ಬೋರ್ಡಿನ ನಡುವೆ ಗೆರೆ ಎಳೆದು ಒಂದು ಕಡೆ ಹಸು, ಹುಣಸೆಮರ, ಇರುವೆ ಎಂದೂ ಇನ್ನೊಂದು ಕಡೆ ಕಲ್ಲು, ಕುರ್ಚಿ, ಬಸ್ಸು ಎಂದೂ ಬರೆದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಪ್ಪ ಪೇಟೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವವರು. ಅವಳದು ಮನೆಯಲ್ಲಿ ಉರ್ದು, ಶಾಲೆಯಲ್ಲಿ ಎಲ್ಲರಿಗಿಂತ ಚುರುಕಾದ ಕನ್ನಡ.

"ಮಿಸ್, ರೋಬೋನ ಯಾವ್ ಕಡೆ ಬರೀಬೇಕು?"

"ನಿರ್ಜೀವಿ ಕಡೆ" ಅಂದೆ.

"ಮೊಬೈಲಲ್ಲಿ ನೋಡ್ದೆ ಮಿಸ್. ಅದು ನಡೀತದೆ, ಮಾತಾಡ್ತದೆ, ಬಿದ್ರೆ ತಾನೇ ಎದ್ದೇಳ್ತದೆ. ಹುಣಸೆಮರ ಏನೂ ಮಾಡದೆ ನಿಂತಿರ್ತದೆ. ನೀವು ಮರಕ್ಕೇ ಜೀವ ಅದೆ ಅಂತೀರಿ."

ಕ್ಲಾಸು ನಕ್ಕಿತು. ನಾನೂ ನಕ್ಕು, ಆಮೇಲೆ ಹೇಳುತ್ತೇನೆ ಎಂದು ಕೂರಿಸಿದೆ. ಪುಸ್ತಕದಲ್ಲಿದ್ದ ಉತ್ತರ ನನಗೆ ಗೊತ್ತಿತ್ತು. ಆದರೆ ಅದರಿಂದ ಈ ಹುಡುಗಿ ಸುಮ್ಮನಾಗುವುದಿಲ್ಲ ಎಂಬುದೂ ಗೊತ್ತಿತ್ತು.

ಶಾಲೆಯ ಪುಸ್ತಕದ ಬೀರು ತೆಗೆದು ರೋಬೋ ಕತೆಗಳೇನಾದರೂ ಇವೆಯೇ ಎಂದು ಹುಡುಕಿದೆ. ಎರಡು ಮೂರು ಸಿಕ್ಕವು. ಒಂದರಲ್ಲಿ ರೋಬೋ ಗಾಜಿನ ಕಟ್ಟಡದಲ್ಲಿತ್ತು, ಉಳಿದವುಗಳಲ್ಲಿ ಬೇರೆ ಗ್ರಹದಲ್ಲಿತ್ತು. ನಮ್ಮ ಮಕ್ಕಳು ಬೆಳಗ್ಗೆ ಎದ್ದರೆ ಅರಿಶಿನದ ಹೊಲ, ಚೆಂಡುಹೂವಿನ ಹೊಲ, ಅದರಾಚೆಗೆ ಕಾಡು ನೋಡುವವರು. ಅವರ ಹೊಲಕ್ಕೇ ಒಂದು ರೋಬೋ ಬಂದರೆ ಹೇಗಿರುತ್ತದೆ ಅನ್ನಿಸಿತು. ನಾನೇ ಬರೆಯಲು ಕೂತೆ.

ನನ್ನ ಕತೆಯ ರೋಬೋ ಅರಿಶಿನದ ಹೊಲಕ್ಕೆ ಕಳೆ ಕೀಳಲು ಬರುತ್ತದೆ. ಅದರ ತಲೆಯೊಳಗೆ ಅರಿಶಿನದ ಎಲೆಯ ಚಿತ್ರ ತುಂಬಿರುತ್ತಾರೆ. ಆ ಎಲೆ ಬಿಟ್ಟು ಮಿಕ್ಕಿದ್ದನ್ನೆಲ್ಲ ಅದು ಕಿತ್ತು ಎಸೆಯುತ್ತದೆ. ಹತ್ತು ಜನರ ಕೆಲಸ ಒಂದೇ ಮಾಡುತ್ತದೆ. ಕೆಲಸ ಮುಗಿದ ಮೇಲೆ ಹೊಲದ ನಡುವೆ ಒಂಟಿಯಾಗಿ ನಿಂತಾಗ ಅದರ ಕಣ್ಣಿಂದ ಒಂದು ಹನಿ ಉದುರುತ್ತದೆ. ಆ ಹನಿಯ ಸಾಲು ಬರೆದಾಗ ನನ್ನ ಕಣ್ಣಲ್ಲೂ ನೀರು ಬಂತು. ಬಹಳ ಚೆನ್ನಾಗಿ ಬಂದಿದೆ ಅಂದುಕೊಂಡೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಚಾಮರಾಜನಗರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಉಮ್ಮತ್ತೂರಿಗೆ ಹೋದೆ. ಅವ್ವ ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ನನಗೆ ಬುದ್ಧಿ ಬಂದಾಗಿನಿಂದ ಅವಳು ಕಂಡವರ ಹೊಲದಲ್ಲಿ ಕಳೆ ಕಿತ್ತೇ ನಮ್ಮಿಬ್ಬರನ್ನು ಓದಿಸಿದವಳು. ತಮ್ಮ ಬೇಡವೆಂದರೂ ಈಗಲೂ ಹೋಗುತ್ತಾಳೆ. ನಾನು ಹೋದಾಗ ಜಗಲಿಯ ಮೇಲೆ ಕೂತು ಮೊರದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಕತೆ ಕೇಳು ಎಂದು ಪಕ್ಕದಲ್ಲಿ ಕೂತು ಓದಿದೆ.

ಅವ್ವ ಸೊಪ್ಪಿನಿಂದ ಕಣ್ಣೆತ್ತದೆ ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು, "ಅದು ಅಣ್ಣೆ ಸೊಪ್ನೂ ಕಿತ್ತಾಕ್ಬುಡ್ತಾ?"

"ಹೂಂ ಕಣವ್ವ. ಅರಿಶಿನ ಒಂದ್ ಬುಟ್ಟು ಎಲ್ಲಾನೂ."

"ಗೋಣಿ ಸೊಪ್ನೂ?"

"ಅದೂ ಕಳೆನೇ ಅಲ್ವಾ?"

ಅವ್ವ ಮೊರವನ್ನು ನನ್ನ ಮುಂದೆ ತಳ್ಳಿದಳು. ಅದರಲ್ಲಿದ್ದದ್ದು ಅವೇ ಸೊಪ್ಪುಗಳು. ಬೆಳಗ್ಗೆ ಕಳೆ ಕೀಳುತ್ತಾ ಮಡಿಲಿಗೆ ಹಾಕಿಕೊಂಡು ಬಂದವು. "ಮತ್ತೆ ನೀನು ಈಗ ಉಣ್ಣೋದು ಏನ?" ಅಂದಳು. ಮೊರವನ್ನು ಮತ್ತೆ ತನ್ನ ಕಡೆ ಎಳೆದುಕೊಂಡು, "ಕೊನೇಲಿ ಯಾಕ್ ಅಳ್ತದೆ ಅದು?"

"ಒಂಟಿ ಅನ್ನಿಸ್ತದೆ."

"ಕಳೇನ ಯಾರಾರೂ ಒಬ್ರೇ ಕಿತ್ತಾರಾ? ಹತ್ತ್ ಜನ ಕೂತ್ಕಂಡು ಮಾತಾಡ್ಕಂಡ್ ಕಿತ್ರೇ ಸಾಲು ಸಾಗೋದು. ಅದ್ನ ಒಂದ್ನೇ ಹೊಲಕ್ ಬುಟ್ಟೋಳು ನೀನು. ಬುಟ್ಬುಟ್ಟು, ಅಳ್ತದೆ ಅಂತೀಯ."

ನನಗೆ ಸ್ವಲ್ಪ ಚುರುಕ್ ಅಂದಿತು. "ಇದು ಕತೆ ಕಣವ್ವ" ಅಂದೆ.

"ಕತೆನೇ ಕಣಮ್ಮಿ, ಯಾರ್ ಇಲ್ಲ ಅಂದರು? ನಾಳೆ ನನ್ ಜೊತೆ ಹೊಲಕ್ ಬಾ."

ಇದು ನನಗೆ ಆಶ್ಚರ್ಯದ ಮಾತು. ಚಿಕ್ಕವಳಿದ್ದಾಗ ನಾನು ಅವಳ ಹಿಂದೆ ಹೋದರೆ ಹೊಲದ ಬದುವಿನಿಂದಲೇ ವಾಪಸು ಅಟ್ಟುತ್ತಿದ್ದಳು. ಈ ಕೆಲಸ ನನ್ನ ಕೈಗೆ ಅಂಟಬಾರದು ಎಂಬುದು ಅವಳ ಹಟ. ಹಾಗಾಗಿ ಕಳೆ ಕೀಳುವವಳ ಮಗಳಾಗಿಯೂ ನಾನು ಒಂದು ದಿನ ಪೂರ್ತಿ ಕಳೆ ಕಿತ್ತವಳಲ್ಲ.

ಭಾನುವಾರ ಬೆಳಗ್ಗೆ ಎಂಟು ಹೆಂಗಸರ ಜೊತೆ ನಾನೂ ಒಂದು ಸಾಲು ಹಿಡಿದು ಕೂತೆ. ಹಿಂದಿನ ವಾರ ಮಳೆಯಾಗಿತ್ತು, ಮಣ್ಣು ಮೆತ್ತಗಿತ್ತು. ಅರಿಶಿನ ಮೊಣಕಾಲೆತ್ತರ ಬಂದಿತ್ತು. ಮೇಡಮ್ಮನಿಗೆ ಏನೂ ಬರಲ್ಲ ಅನ್ನಬಾರದೆಂದು ಬಿರುಸಾಗಿ ಕಿತ್ತೆ. ಅರ್ಧ ಗಂಟೆಯಲ್ಲಿ ಎಲ್ಲರಿಗಿಂತ ಮುಂದಿದ್ದೆ. ಹಿಂದಿರುಗಿ ನೋಡಿದರೆ ಅವ್ವ ನಾನು ಎಸೆದ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದರಿಂದ ಹೊನಗೊನ್ನೆ ಸೊಪ್ಪು ಆರಿಸುತ್ತಿದ್ದಳು. ಬೇರು ಸಮೇತ ಕಿತ್ತುಬಿಟ್ಟಿದ್ದೆ.

ಪಕ್ಕದ ಸಾಲಿನ ಹೆಂಗಸು ಅದನ್ನು ನೋಡಿದರು. ಅವ್ವ ಬೆಳಗ್ಗೆ ದಾರಿಯಲ್ಲೇ ಎಲ್ಲರಿಗೂ ನನ್ನ ಕತೆ ಹೇಳಿಬಿಟ್ಟಿದ್ದಳು.

"ಅಕ್ಕ, ರೋಬೋ ರೋಬೋ ಅಂತಿದ್ಯಲ್ಲ, ಅದು ಎಲ್ಲೂ ಇಲ್ಲ. ನಿನ್ ಮಗಳೇ ಕಣಕ್ಕ."

ಎಂಟು ಜನವೂ ನಕ್ಕ ನಗುವಿಗೆ ಬದುವಿನ ಮೇಲಿದ್ದ ಕೊಕ್ಕರೆ ಹಾರಿಹೋಯಿತು. ನನಗೂ ತಡೆಯಲಾಗಲಿಲ್ಲ.

ಆಮೇಲೆ ಅವ್ವ ನನ್ನ ಪಕ್ಕದಲ್ಲೇ ಕೂತು ಹೇಳಿಕೊಟ್ಟಳು. ಕೊನ್ನಾರಿ ಹುಲ್ಲನ್ನು ಗೆಡ್ಡೆ ಸಮೇತ ತೆಗೆಯಬೇಕು, ಮೇಲೆ ಕಿತ್ತರೆ ಮತ್ತೆ ಬರುತ್ತದೆ. ಹೊನಗೊನ್ನೆಯ ಕುಡಿ ಮಾತ್ರ ಚಿವುಟಬೇಕು. ಅಣ್ಣೆ ಸೊಪ್ಪನ್ನು ಸಾಲಿನೊಳಗಿಂದ ತೆಗೆದರೂ ಬದುವಿನಲ್ಲಿ ನಾಲ್ಕು ಗಿಡ ಬಿಡಬೇಕು. "ಎಲ್ಲಾನೂ ಕಿತ್ತಾಕ್ಬುಟ್ರೆ ಮುಂದ್ಲ್ ವರ್ಸಕ್ಕೆ ಬಿತ್ತ ಎಲ್ಲಿ?" ಅಂದಳು. ಒಂದು ಗಿಡದ ಮುಂದೆ ಕೈ ನಿಲ್ಲಿಸಿ, ನೋಡಿ, ಕೀಳದೆ ಮುಂದೆ ಹೋದಳು. ಯಾಕೆ ಬಿಟ್ಟೆ ಎಂದು ಕೇಳಿದೆ. "ಹೂ ಬುಟ್ಟದೆ, ಜೇನು ಕೂತದೆ. ಸಾಯಂಕಾಲ ಕಿತ್ತರಾಯ್ತು ಬುಡು" ಅಂದಳು.

ನನಗೆ ಒಳಗೊಳಗೇ ನಾಚಿಕೆಯಾಯಿತು. ಇಷ್ಟು ವರ್ಷ ಅವ್ವನ ಕೆಲಸವೆಂದರೆ ತಲೆ ಬಗ್ಗಿಸಿ ಸುಮ್ಮನೆ ಮಾಡುವುದು, ಅದಕ್ಕೆ ಯೋಚನೆ ಬೇಕಿಲ್ಲ ಎಂದೇ ತಿಳಿದಿದ್ದೆ. ಅದಕ್ಕೇ ತಾನೇ ಕತೆಯಲ್ಲಿ ಆ ಕೆಲಸವನ್ನು ಯೋಚಿಸದೆ ಯಂತ್ರದ ಕೈಗೆ ಕೊಟ್ಟದ್ದು. ಇದನ್ನು ಅವಳಿಗೆ ಹೇಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು, ಅದನ್ನು ಮಾತ್ರ ಹೇಳಿದೆ. ರಾತ್ರಿ ಎಣ್ಣೆ ತಿಕ್ಕಿ ಕೊಟ್ಟಳು.

ಕತೆಯನ್ನು ಮೊದಲಿನಿಂದ ಬರೆದೆ. ಈ ಸಲ ಹೊಲದಲ್ಲಿ ರೋಬೋ ಜೊತೆ ಎಂಟು ಹೆಂಗಸರು ಇದ್ದರು. ಅದು ಎಲ್ಲವನ್ನೂ ಕೀಳುತ್ತದೆ, ಬೈಸಿಕೊಳ್ಳುತ್ತದೆ, ಒಬ್ಬ ಅಜ್ಜಿ ಅದಕ್ಕೆ ಒಂದೊಂದೇ ಗಿಡ ತೋರಿಸಿ ಹೇಳಿಕೊಡುತ್ತಾಳೆ. ಕೊನೆಗೆ ಒಂದು ಗಿಡದ ಮುಂದೆ ಅದರ ಕೈ ತಾನಾಗಿ ನಿಲ್ಲುತ್ತದೆ. ಯಾಕೆ ನಿಂತಿತು ಎಂದು ಅದಕ್ಕೂ ಗೊತ್ತಾಗುವುದಿಲ್ಲ. ಕ್ಲಾಸಿನಲ್ಲಿ ಓದಿದೆ. ಮಕ್ಕಳು ಇದನ್ನು ನಾಟಕ ಮಾಡೋಣ ಅಂದರು. ಅಜ್ಜಿ ಪಾತ್ರಕ್ಕೆ ನಿಜವಾದ ಅಜ್ಜಿಯೇ ಬೇಕು ಅಂದಳು ಆ ಹುಡುಗಿ. ತಾನು ರೋಬೋ ಆಗುವುದೆಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು.

ಹಾಗೆ ಅವ್ವ ಒಂದು ಶುಕ್ರವಾರ, ಸಂತೆಗೆ ಉಡುವ ಸೀರೆ ಉಟ್ಟು, ಚೀಲದ ತುಂಬಾ ಸೊಪ್ಪು ತುಂಬಿಕೊಂಡು ನಮ್ಮ ಶಾಲೆಗೆ ಬಂದಳು. ಮಕ್ಕಳು ಶಾಲೆಯ ಹಿಂದಿನ ಕೈತೋಟವನ್ನೇ ಹೊಲ ಮಾಡಿಕೊಂಡಿದ್ದರು. ಹುಡುಗಿ ಅಪ್ಪನ ಅಂಗಡಿಯಿಂದ ಫ್ಯಾನಿನ ರಟ್ಟಿನ ಡಬ್ಬ ತಂದು, ತಲೆ ಕೈ ತೂರಿಸಲು ತೂತು ಮಾಡಿ ಹಾಕಿಕೊಂಡಿದ್ದಳು. ಅವ್ವನಿಗೆ ನಾಟಕ ಎಂದು ಹೇಳಿದ್ದೆ. ಆದರೆ ಅವಳು ನಾಟಕ ಆಡಲಿಲ್ಲ. ನಿಜವಾಗಿಯೇ ಗಿಡ ಹಿಡಿದು ಕಲಿಸತೊಡಗಿದಳು. ಡಬ್ಬದೊಳಗಿನ ಕೂಸು ಬಗ್ಗಲಾರದೆ ಒದ್ದಾಡಿದರೆ, "ವಸಿ ತಡಿ ನನ್ ಕಂದ, ಅವಸರ ಇಲ್ಲ" ಅನ್ನುತ್ತಿದ್ದಳು.

ಮಧ್ಯದಲ್ಲಿ ಹುಡುಗಿ ನಾನು ಬರೆದುಕೊಟ್ಟಿದ್ದ ಮಾತು ಬಿಟ್ಟು ತನ್ನದೇ ಒಂದು ಕೇಳಿದಳು.

"ಅಜ್ಜಿ, ನಂಗೆ ಜೀವ ಅದಾ?"

ಅವ್ವ ಡಬ್ಬದ ತೂತಿನಿಂದ ಹೊರಬಂದಿದ್ದ ಮುಖವನ್ನೇ ನೋಡಿದಳು.

"ಹೊಟ್ಟೆ ಅಸೀತದಾ?"

"ಇಲ್ಲ. ಚಾರ್ಜ್ ಕಮ್ಮಿ ಆಯ್ತದೆ."

"ನೋವಾಯ್ತದಾ?"

"ಗೊತ್ತಿಲ್ಲ ಅಜ್ಜಿ."

"ನಂಗೂ ಗೊತ್ತಿಲ್ಲ ಕಣವ್ವ" ಅಂದಳು ಅವ್ವ. "ಇದ್ರೂ ಇರ್ಬೋದು. ಗೊತ್ತಾಗೋಗಂಟ ಜೀವ ಅದೆ ಅಂತಲೇ ನೋಡ್ಕತೀನಿ. ಬಾ, ನೆಳ್ಳಲ್ ಕೂತ್ಕೋ."

ಡಬ್ಬದ ಸಮೇತ ಹುಡುಗಿ ಹೋಗಿ ಅವಳ ಪಕ್ಕ ನೆರಳಲ್ಲಿ ಕೂತಳು. ನಾಟಕ ಅಲ್ಲಿಗೇ ನಿಂತಿತು. ಮಧ್ಯಾಹ್ನದ ಬಿಸಿಯೂಟಕ್ಕೆ ಅಡುಗೆಯವರು ಅವ್ವ ತಂದ ಸೊಪ್ಪನ್ನೇ ಸಾರಿಗೆ ಹಾಕಿದರು.

ಕತೆಯನ್ನು ಮಕ್ಕಳ ಪತ್ರಿಕೆಯೊಂದಕ್ಕೆ ಕಳಿಸಿದೆ. ನಾಲ್ಕು ತಿಂಗಳ ಮೇಲೆ ಅಚ್ಚಾಗಿ ಬಂತು. ಅವರು ಅದನ್ನು ಅರ್ಧಕ್ಕೆ ಕತ್ತರಿಸಿದ್ದರು, ಅಜ್ಜಿಗೆ ಕನ್ನಡಕ ಹಾಕಿ ಚಿತ್ರ ಬರೆದಿದ್ದರು. ಅವ್ವ ಅದನ್ನು ಹೊಲಕ್ಕೆ ಒಯ್ದು ಎಲ್ಲರಿಗೂ ತೋರಿಸಿ, ಕನ್ನಡಕ ತನ್ನದಲ್ಲ ಎಂದು ಒಬ್ಬೊಬ್ಬರಿಗೂ ಹೇಳಿದಳಂತೆ.

ಈಗ ಕತೆ ಕೇಳುವವರು ಮಕ್ಕಳಿಗಿಂತ ಆ ಹೆಂಗಸರೇ ಜಾಸ್ತಿ. ಶನಿವಾರ ಊರಿಗೆ ಹೋದರೆ, ರೋಬೋ ಆಮೇಲೆ ಏನು ಮಾಡಿತು ಎಂದು ಬಸ್ ಸ್ಟಾಪಿನಲ್ಲೇ ತಡೆದು ಕೇಳುತ್ತಾರೆ. ಅವರಿಗಾಗಿ ಇನ್ನೂ ಮೂರು ಬರೆದಿದ್ದೇನೆ. ಹೋದ ವಾರ ಒಬ್ಬರು, "ಅದೂ ಎಷ್ಟ್ ದಿನ ಗೇಯ್ತದೆ ಪಾಪ, ಒಂದ್ ದಿನ ಗೋಪಾಲಸ್ವಾಮಿ ಬೆಟ್ಟಕ್ಕಾರೂ ಕರ್ಕೊಂಡ್ ಹೋಗನ" ಅಂದರು. ಬೆಟ್ಟದ ಮೇಲೆ ಚಳಿ, ಮಂಜು ಬೇರೆ, ಅದಕ್ಕೆ ಒಂದು ಶಾಲು ಹೊದಿಸಬೇಕು ಎಂದು ಅವ್ವ. ಕಬ್ಬಿಣಕ್ಕೆ ಎಂಥಾ ಚಳಿ ಎಂದು ಇನ್ನೊಬ್ಬರು. ನಾನು ನೋಟ್‌ಬುಕ್ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಇಬ್ಬರೂ ಒಪ್ಪುವ ತನಕ ಬರೆಯುವಂತಿರಲಿಲ್ಲ.