ಚಪ್ಪಲಿ ಗಾಲಿಯ ಕಾರು

ಮದುವೆಯಾಗಿ ಶಹಾಬಾದಿಗೆ ಬಂದು ಮೂರು ತಿಂಗಳಾಗಿರಬೇಕು. ಒಂದು ದಿನ ಬೆಳಿಗ್ಗೆ ನೋಡಿದರೆ ನನ್ನ ಹವಾಯಿ ಚಪ್ಪಲಿಗೆ ಹಿಮ್ಮಡಿಯೇ ಇರಲಿಲ್ಲ. ಸುಲೇಪೇಟದಲ್ಲಿ ಅಪ್ಪ ಆರಿಸಿ ಕೊಡಿಸಿದ್ದ ಹೊಸ ಜೋಡು ಅದು. ಎರಡರ ಹಿಂಭಾಗವನ್ನೂ ಯಾರೋ ಬ್ಲೇಡಿನಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ತೆಗೆದಿದ್ದರು. ಇಲಿ ಇಷ್ಟು ಗುಂಡಗೆ ಕಡಿಯುವುದಿಲ್ಲ.

“ಅತ್ತಿ, ನನ್ನ ಚಪ್ಪಲಿ ನೋಡ್ರಿ,” ಎಂದೆ.

ಅತ್ತೆ ನೋಡಿ ನಕ್ಕರು. “ನಿನ್ನ ಗಂಡಗ ಕೇಳು. ನಮ್ಮ ಗಡಿಯಾರದ ಹೊಟ್ಟಿ ಬಗದವನೂ ಅವನೇ.”

ಕೇಳುವುದೇ ಕಷ್ಟವಿತ್ತು. ಆವರೆಗೆ ನಮ್ಮಿಬ್ಬರ ನಡುವೆ ‘ಊಟಕ್ಕ ಬರ್ರಿ’, ‘ನೀರು ಕಾದಾವ್ರಿ’ ಇಷ್ಟರಾಚೆ ಮಾತು ಬೆಳೆದಿರಲಿಲ್ಲ. ಕಾರ್ಖಾನೆಯಲ್ಲಿ ಸುಟ್ಟುಹೋದ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ ಅವರದು. ದಿನವಿಡೀ ಸುತ್ತು ಎಣಿಸಿ ಎಣಿಸಿ, ಮನೆಗೆ ಬಂದ ಮೇಲೂ ಬಾಯೊಳಗೆ ಎಣಿಸುತ್ತಲೇ ಇದ್ದಾರೇನೋ ಅನ್ನಿಸುತ್ತಿತ್ತು. ಅಂದು ಮಾತ್ರ ಧೈರ್ಯ ಮಾಡಿ, ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ನಿಂತೆ.

“ಏನ್ರಿ ಇದು?”

ಅವರು ಮೀಸೆಯ ಮರೆಯಲ್ಲಿ ನಕ್ಕು ಕಪಾಟಿನಿಂದ ಅಂಗೈಯಷ್ಟು ಉದ್ದದ ಒಂದು ಕಾರು ತೆಗೆದರು. “ಇದಕ್ಕೂ ಚಪ್ಪಲಿ ಬೇಕಾಗಿತ್ತು.”

ಕಾರ್ಖಾನೆಗೆ ದೊಡ್ಡದೊಂದು ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರ್, ತನ್ನ ಮಕ್ಕಳಿಗೆಂದು ತಂದ ಆಟವನ್ನು ನೌಕರರ ಕ್ಲಬ್ಬಿನಲ್ಲಿ ನಾಲ್ಕು ಮೇಜು ಸೇರಿಸಿ ಹರಡಿಟ್ಟಿದ್ದ. ಕರಿ ರಸ್ತೆ, ಅದರಲ್ಲಿ ಎರಡು ಸೀಳು, ಸೀಳಿನ ಅಕ್ಕಪಕ್ಕ ಕರೆಂಟು ಹರಿಯುವ ತೆಳ್ಳನೆಯ ಪಟ್ಟಿ. ಕಾರಿನ ಹೊಟ್ಟೆಯ ಕೆಳಗಿನ ಗೂಟ ಸೀಳಿನಲ್ಲಿ ಕೂತರಾಯಿತು. ಕೈಯಲ್ಲಿನ ಗುಂಡಿ ಒತ್ತಿದಷ್ಟೂ ಓಡುತ್ತದೆ, ತಿರುವಿನಲ್ಲಿ ಒತ್ತಿದರೆ ಹಾರಿ ಬೀಳುತ್ತದೆ. ಮಕ್ಕಳಿಗೆ ಬೇಗ ಬೇಸರ ಬಂತು, ದೊಡ್ಡವರಿಗೆ ಹುಚ್ಚು ಹಿಡಿಯಿತು. ಭಾನುವಾರ ಬಂದರೆ ಪಂದ್ಯ. ಆಫೀಸಿನ ಸಾಹೇಬರೊಬ್ಬರು ಮುಂಬಯಿಯಿಂದ ಹೊಸ ಮೋಟರು, ಹೊಸ ಗಾಲಿ ತರಿಸಿ ಹಾಕಿಕೊಂಡು ಎಲ್ಲರನ್ನೂ ಸೋಲಿಸುತ್ತಿದ್ದರು. ಹಾಗೆ ತರಿಸುವ ದಾರಿ ನಮ್ಮವರಿಗೆ ಇರಲಿಲ್ಲ. ಎಂಜಿನಿಯರಿನ ಮಕ್ಕಳು ಬಿಟ್ಟುಕೊಟ್ಟ ಹಳೆಯ ಕಾರೊಂದು ಇತ್ತು, ಕೈ ಇತ್ತು, ಮನೆಯಲ್ಲಿ ನನ್ನ ಚಪ್ಪಲಿ ಇತ್ತು.

ಜಗಳಕ್ಕೆ ನಿಂತವಳು ಅಲ್ಲೇ ಕೂತುಬಿಟ್ಟೆ. ಅವರು ರಬ್ಬರಿನ ಬಿಲ್ಲೆಗಳನ್ನು ಗಾಲಿಗೆ ಅಂಟಿಸಿ, ಉಸುಕಿನ ಕಾಗದದ ಮೇಲೆ ತಿರುಗಿಸಿ ತಿರುಗಿಸಿ ಸಮ ಮಾಡಿದರು. ಮರುದಿನ ಮೋಟರಿನ ಹಳೆಯ ತಂತಿ ಬಿಚ್ಚಿದರು.

“ತಂತಿ ದಪ್ಪ, ಸುತ್ತು ಕಡಿಮಿ. ಹಂಗ ಮಾಡಿದ್ರ ಭಾಳ ಜೋರು ತಿರಗ್ತದ,” ಎಂದರು. ಆದರೆ ಹುಣಸೆ ಬೀಜದಷ್ಟು ಜಾಗದಲ್ಲಿ ಅವರ ಬೆರಳು ಆಡಲಿಲ್ಲ. ನನ್ನವು ಶಾವಿಗೆ ಹೊಸೆದ ಬೆರಳು. ತಂತಿ ನನ್ನ ಕೈಗೆ ಬಂತು. ಅವರು ಎಣಿಸಿದರು, ನಾನು ಸುತ್ತಿದೆ. ನಲವತ್ತು ದಾಟಿದ ಮೇಲೆ ಸುಮ್ಮನಾದರು.

“ಎಷ್ಟಾತ್ರಿ?”

“ತಪ್ಪಿತು. ನಿನ್ನ ಕೈ ನೋಡ್ಲಿಕತ್ತಿದ್ದೆ.”

ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಿದೆ. ನನಗೇನೂ ಬೇಸರವಾಗಲಿಲ್ಲ.

ಭಾನುವಾರ ಕ್ಲಬ್ಬಿಗೆ ಒಯ್ದೆವು. ಕಾರು ಓಡಿತು ನೋಡಿ, ಮೊದಲ ತಿರುವಿನಲ್ಲೇ ಹಾರಿ ಗೋಡೆಗೆ ಬಡಿಯಿತು. ಮತ್ತೆ ಇಟ್ಟರೂ ಅದೇ ಹಾಡು. ಮನೆಗೆ ಬರುವಾಗ ಅವರ ಮುಖ ನೋಡಲಾಗದೆ ಹೇಳಿದೆ: “ನಮ್ಮಪ್ಪ ಖಾಲಿ ಬಂಡಿ ಹೊಡಕೊಂಡು ಬರುವಾಗ ಮುಂದ ಎರಡು ಕಲ್ಲು ಹೇರತಿದ್ದ. ಇಲ್ಲಂದ್ರ ಇಳಕಲಿನ್ಯಾಗ ಬಂಡಿ ಕುಣಿತದ ಅಂತಿದ್ದ.”

ಅವರು ದಾರಿಯಲ್ಲೇ ನಿಂತರು. “ಕಲ್ಲು ಹಗುರಾತು. ಸೀಸ ಹಾಕೋಣು.”

ಹಳೆಯ ಬ್ಯಾಟರಿಯ ಸೀಸವನ್ನು ತೆಳ್ಳಗೆ ಬಡಿದು ಕಾರಿನ ಹೊಟ್ಟೆಯ ಕೆಳಗೆ, ಗೂಟದ ಹಿಂದೆಯೇ ಅಂಟಿಸಿದರು. ಮುಂದಿನ ಭಾನುವಾರ ಕಾರು ತಿರುವಿಗೆ ಮೈ ಒತ್ತಿ ಹಾವಿನ ಹಾಗೆ ಹರಿಯಿತು. ನನ್ನ ಕೈಗೂ ಗುಂಡಿ ಕೊಟ್ಟು ಓಡಿಸಲು ಕಲಿಸಿದರು.

ಅಷ್ಟರಲ್ಲಿ ಎಂಜಿನಿಯರಿನ ಕೆಲಸ ಮುಗಿಯಿತು. ಬರುವ ಭಾನುವಾರ ಕೊನೆಯ ಪಂದ್ಯ, ಸೋಮವಾರ ರಸ್ತೆ ಬಿಚ್ಚಿ ಪೆಟ್ಟಿಗೆಗೆ. ಶನಿವಾರ ಕಾರ್ಖಾನೆಯ ದೊಡ್ಡ ಮೋಟರು ಸುಟ್ಟಿತು. ರಜೆಯಿಲ್ಲ, ಭಾನುವಾರವೂ ಕೆಲಸಕ್ಕೆ ಬರಬೇಕೆಂದು ಹೇಳಿಕಳಿಸಿದರು. ಬೆಳಿಗ್ಗೆ ಹೊರಡುವಾಗ ನಮ್ಮವರು ಕಾರನ್ನು ನನ್ನ ಅಂಗೈಯಲ್ಲಿಟ್ಟರು.

“ನೆಟ್ಟಗಿದ್ದಲ್ಲಿ ಒತ್ತು, ತಿರುವಿನ್ಯಾಗ ಬಿಡು. ಗೆಲ್ಲಬೇಕಂತಿಲ್ಲ. ಇದು ಎಷ್ಟು ಜೋರು ಓಡ್ತದಂತ ಮಂದಿ ಒಂದು ಸುತ್ತರ ನೋಡಲಿ.”

ಮಧ್ಯಾಹ್ನ ಅತ್ತೆಯ ಜೊತೆ ಹೋದೆ. ಎಂಜಿನಿಯರ್ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಂತಿದ್ದ. ಕಾರು ಇಡುವವರು ಅದು ಯಾರದೆಂದು ಗಟ್ಟಿಯಾಗಿ ಹೇಳಬೇಕು, ಅವನು ಬರೆಯಬೇಕು. ಅದು ಅವನ ನಿಯಮ. ಕ್ಲಬ್ಬಿನ ಕಾರ್ಯದರ್ಶಿ, ನಮ್ಮ ಓಣಿಯವರೇ ಆದ ಭಾಯಿ, ನನ್ನ ಕಡೆ ತಿರುಗಿದರು.

“ಭಾಭಿ, ಗಾಡಿ ಯಾರದು? ಹೆಸರು ಹೇಳ್ರಿ.”

“ಇವರದು.”

“ಯಾವ ಇವರದು?”

ನೋಡಲು ಬಂದಿದ್ದ ಓಣಿಯ ಹೆಂಗಸರೆಲ್ಲ ಗೊಳ್ಳೆಂದರು.

“ನಿಮಗ ಗೊತ್ತಿಲ್ಲೇನ್ರಿ ಭಾಯಿ?”

“ನನಗ ಗೊತ್ತದ. ಗೋರಾ ಸಾಹೇಬಗ ಗೊತ್ತಿಲ್ಲ. ನೀವು ಹೇಳದ ಬರೆಯಂಗಿಲ್ಲ ಅಂತಾನ, ಏನ್ ಮಾಡಲಿ?”

ಗಂಡನ ಹೆಸರು ತೆಗೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ನಂಬಿಕೆಯೋ ನಾಚಿಕೆಯೋ, ನಾಲಿಗೆ ಏಳಲಿಲ್ಲ. ಹೇಳದಿದ್ದರೆ ಆ ಕಾರು ಇನ್ನೆಂದೂ ಓಡುವುದಿಲ್ಲ. ಅತ್ತೆ ಬೆನ್ನಿಗೆ ತಿವಿದರು. “ಒಡಪು ಹಾಕಿ ಹೇಳವ್ವ. ಒಡಪಿನ್ಯಾಗ ತಗೊಂಡ್ರ ಏನೂ ಆಗಂಗಿಲ್ಲ.”

ಮದುವೆಯ ದಿನ ಹೊಸ್ತಿಲಲ್ಲಿ ತಡೆದು ಹೇಳಿಸಿದ್ದ, ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದ ಒಡಪು ಅಜ್ಜಿ ಕಲಿಸಿದ್ದು. ಬಾಯೊಳಗೇ ಗೊಣಗಿ ಒಳಗೆ ಓಡಿದ್ದೆ. ಈ ಸಲ ಕಾರು ನೋಡುತ್ತ ನಿಂತವಳಿಗೆ ಬೇರೆಯೇ ಬಂತು:

“ಕಾಲಾಗಿನ ಚಪ್ಪಲಿ ಕೊಯ್ದು ಗಾಲಿ ಮಾಡ್ಯಾರ,
ಕೇಳಿದ್ರ ಮೀಸಿ ಮರ್ಯಾಗ ನಕ್ಕಾರ,
ಇದು … ರಾಯರ ಕಾರ, ದಾರಿ ಬಿಡ್ರಿ ಎಲ್ಲಾರ!”

ಆ ಚುಕ್ಕೆಗಳ ಜಾಗದಲ್ಲಿ ಅವರ ಹೆಸರಿತ್ತು. ಬರೆಯಲು ಈಗಲೂ ಕೈ ಬರುವುದಿಲ್ಲ. ಅಂದು ಮಾತ್ರ ಕ್ಲಬ್ಬಿನ ತಗಡು ಗಲಗಲ ಅನ್ನುವ ಹಾಗೆ ಹೇಳಿದ್ದೆ. ಎಂಜಿನಿಯರ್ ಏನೂ ತಿಳಿಯದೆ ಮೂರು ಸಾಲನ್ನೂ ಬರೆಯಬೇಕೇ ಎಂದು ಕೇಳಿದನಂತೆ.

ಐದು ಸುತ್ತಿನ ಓಟ. ಮುಂಬಯಿ ಮೋಟರಿನ ಸಾಹೇಬರು ಮೊದಲೆರಡು ಸುತ್ತು ಮುಂದಿದ್ದರು. ಮೂರನೆಯದರಲ್ಲಿ ನನ್ನ ಬೆರಳು ಪಳಗಿತು. ನೆಟ್ಟಗಿದ್ದಲ್ಲಿ ಒತ್ತಿದೆ, ತಿರುವಿನಲ್ಲಿ ಬಿಟ್ಟೆ. ಕಾರು ಅವರದನ್ನು ಹಿಂದೆ ಹಾಕಿ ಸುತ್ತು ಬಂತು. ಗಡಿಯಾರ ಹಿಡಿದಿದ್ದ ಎಂಜಿನಿಯರ್ ಹುಬ್ಬೇರಿಸಿದ. ಕೊನೆಯ ಸುತ್ತಿನಲ್ಲಿ ಓಣಿಯ ಹೆಂಗಸರೆಲ್ಲ ಎದ್ದು ಕೂಗಿದರು. ನಾನೂ ಮೈಮರೆತೆ, ಬಿಡುವುದನ್ನು ಮರೆತೆ. ಕಾರು ತಿರುವಿನಿಂದ ಹಾರಿ ನೇರ ಅತ್ತೆಯ ಮಡಿಲಿಗೆ ಬಿತ್ತು.

“ನಾಕು ಸುತ್ತಿಗೇ ಸಾಕಾತು ನೋಡ್ರಿ, ತಾಯಿ ಹಂತ್ಯಾಕ ಬಂತು,” ಎಂದು ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿದರು.

ಗೆದ್ದವರು ಸಾಹೇಬರೇ. ಆದರೆ ಎಲ್ಲಕ್ಕಿಂತ ವೇಗದ ಸುತ್ತು ಯಾವುದೆಂದು ಎಂಜಿನಿಯರ್ ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ. ಗೆರೆ ನಮ್ಮವರ ಹೆಸರಿನ ಕೆಳಗಿತ್ತು.

ದೀಪ ಹಚ್ಚುವ ಹೊತ್ತಿಗೆ ಅವರು ಬಂದರು. ಸುದ್ದಿ ಕಾರ್ಖಾನೆಯ ಗೇಟಿಗೆ ಮೊದಲೇ ಮುಟ್ಟಿತ್ತು. ನಾನು ಬೇಳೆ ತೊಳೆಯುತ್ತಿದ್ದೆ. ಸುತ್ತಿನ ಮಾತು ಕೇಳುತ್ತಾರೆಂದು ಕಾದೆ. ಹೊಸ್ತಿಲಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತ ಅವರು ಬೇರೆಯದನ್ನೇ ಕೇಳಿದರು.

“ಹೆಸರು ತಗೊಂಡಿ ಅಂತಲ್ಲ?”

“ನಾ ಯಾಕ ತಗೊಳ್ಳಲಿ? ಒಡಪು ಹೇಳೀನಿ.”

“ಹಂಗಾರ ಒಡಪೇ ಹೇಳು.”

ಬೆನ್ನು ತಿರುಗಿಸಿಯೇ ಹೇಳಿದೆ. ಹೆಸರು ಬರುವ ಜಾಗದಲ್ಲಿ ದನಿ ತಾನಾಗಿಯೇ ಇಳಿಯಿತು. ಹೊಸ್ತಿಲ ಕಡೆಯಿಂದ ದಾರ ಬಿಚ್ಚುವ ಸಪ್ಪಳ ನಿಂತಿತ್ತು.

“ಕೇಳಸಲಿಲ್ಲ,” ಎಂದರು.

ಕೇಳಿಸಿತ್ತು. ಮತ್ತೊಮ್ಮೆ ಹೇಳಿದೆ.